ಹನ್ನೊಂದನೆಯ ತೂತು

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವನು ಆರು ಸೂಜಿಗಳಿಗೆ ದಾರ ಪೋಣಿಸಿ, ಹೊಲಿಗೆ ಯಂತ್ರದ ಪಕ್ಕದ ಪುಟ್ಟ ಮೆತ್ತೆಗೆ ಸಾಲಾಗಿ ಚುಚ್ಚಿಡುತ್ತಿದ್ದ. ಹೆಂಡತಿ ಬಟ್ಟೆ ಹೊಲಿಯುವವಳು. ಅವಳ ಕಣ್ಣು ಮಂಜಾದಾಗ ಶುರುವಾದ ಅಭ್ಯಾಸ ಅದು. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾದರೂ ಬಿಟ್ಟಿರಲಿಲ್ಲ. ಸಂಜೆ ಬಂದು ದಾರ ಬಿಚ್ಚುವುದು, ಬೆಳಿಗ್ಗೆ ಮತ್ತೆ ಪೋಣಿಸುವುದು.

"ಯಾರಿಗಪ್ಪಾ ಇದೆಲ್ಲ?" ಎಂದು ಮಗಳು ಮೊದಮೊದಲು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಆ ದಿನ ಮಾತ್ರ ಬಾಗಿಲಲ್ಲಿ ನಿಂತು ನೋಡಿದಳು. ಮೂರನೆಯ ಸೂಜಿಗೆ ಅಪ್ಪ ಐದು ಸಲ ಪ್ರಯತ್ನಿಸಿದ್ದ.

"ಹದ್ದುಗಣ್ಣಣ್ಣನಿಗೆ ಇವತ್ತು ಸೂಜಿ ಕಾಣ್ತಿಲ್ವಾ?"

"ದಾರ ಸರಿ ಇಲ್ಲ ಕಣೇ, ತುದಿ ಎಳೆ ಬಿಟ್ಟಿದೆ."

ದಾರ ಸರಿಯಾಗಿಯೇ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಹದ್ದುಗಣ್ಣಣ್ಣ ಎಂಬ ಹೆಸರನ್ನು ಇಟ್ಟವರು ಕೆಲಸದ ಜಾಗದವರು. ಅಲ್ಲಿ ಒಂದು ಎಂಜಿನ್ನಿನ ಪರೀಕ್ಷೆ ನಡೆಯುತ್ತಿತ್ತು. ಅದರೊಳಗೆ ನುಗ್ಗುವ ಗಾಳಿ ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಕಣ್ಣು ಮಿಟುಕಿಸುವುದರ ನೂರರಲ್ಲೊಂದು ಪಾಲು ಹೊತ್ತಿನಲ್ಲಿ ಇಂಧನ ಆ ಗಾಳಿಯಲ್ಲಿ ಬೆರೆತು ಹೊತ್ತಿಕೊಳ್ಳಬೇಕು, ಹೊತ್ತಿದ್ದು ನಿಲ್ಲಬೇಕು. ಬಿರುಗಾಳಿಯಲ್ಲಿ ದೀಪ ಹಚ್ಚಿ ಕಾಯುವ ಕೆಲಸ. ಅದಕ್ಕೆಂದೇ ಒಳಗೋಡೆಯಲ್ಲಿ ಒಂದು ಸಣ್ಣ ಗುಂಡಿ ತೋಡಿದ್ದರು. ಓಡುವ ಗಾಳಿಯಲ್ಲಿ ಒಂದಿಷ್ಟು ಅಲ್ಲಿ ಸುತ್ತಿ ತಂಗುತ್ತದೆ, ಜ್ವಾಲೆ ಆ ಮರೆಯಲ್ಲಿ ಜೀವ ಹಿಡಿದು ಕೂರುತ್ತದೆ. ಗುಂಡಿಯ ಮುಂದೊಂದು ಉಕ್ಕಿನ ಫಲಕ. ಇಂಧನ ಚಿಮ್ಮಲು ಅದರಲ್ಲಿ ಹದಿನಾರು ತೂತು, ಒಂದೊಂದೂ ಸೂಜಿಗಿಂತ ಕೂದಲೆಳೆಯಷ್ಟೇ ಹೆಚ್ಚು ಅಗಲ. ಇಂಥ ತೂತುಗಳನ್ನು ಕೊರೆಯುವುದು, ಭೂತಗನ್ನಡಿಯಲ್ಲಿ ನೋಡಿ 'ನೋಡಿದೆ, ಸರಿ ಇದೆ' ಎಂದು ಪುಸ್ತಕದಲ್ಲಿ ಸಹಿ ಹಾಕುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಹೆಂಡತಿ ಹೋದ ಮೇಲೆ ಅವನಿಗೆ ಹೊತ್ತು ಹೋಗಲು ಉಳಿದಿದ್ದೂ ಅದೊಂದೇ.

ಆ ದಿನ ಮೂರನೆಯ ಪರೀಕ್ಷೆ. ಜ್ವಾಲೆ ಹೊತ್ತಿತು, ಎಡಗಡೆ ಕುಂಟಿತು, ಎರಡು ಸೆಕೆಂಡಿನಲ್ಲಿ ಆರಿಹೋಯಿತು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತು.

ಗುಂಡಿಯ ಅಳತೆಯನ್ನು ಲೆಕ್ಕ ಹಾಕಿದವಳು ಅಲ್ಲಿನ ಒಬ್ಬ ಎಂಜಿನಿಯರ್ ಹುಡುಗಿ, ಅದು ಅವಳ ಮೂರು ವರ್ಷದ ದುಡಿಮೆ. ಮೇಲಿನವರು ಅದನ್ನು ಕೈಬಿಡಿ ಎಂದರು. ಅವಳು ನಕ್ಷೆಗಳನ್ನು ಸುರುಳಿ ಸುತ್ತುತ್ತಾ, "ನನ್ನ ಲೆಕ್ಕಾನೇ ತಪ್ಪಿರ್ಬೇಕು ಅಣ್ಣ. ನಿಮ್ಮ ತೂತು ತಪ್ಪೋಕೆ ಸಾಧ್ಯವೇ ಇಲ್ಲ" ಎಂದಳು.

ಆ ಮಾತು ಅವನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಫಲಕವನ್ನು ಬಿಚ್ಚಿಸಿಕೊಂಡು ಕಿಟಕಿಯ ಬಳಿ ಹೋದ. ಭೂತಗನ್ನಡಿಯಲ್ಲಿ ಹದಿನಾರೂ ದುಂಡಗೆ ಕಂಡವು. ಬೆಳಗಿನ ಮೂರನೆಯ ಸೂಜಿ ನೆನಪಾಯಿತು, ಅದರ ಕಣ್ಣೂ ಹೀಗೇ ಚೆನ್ನಾಗಿ ಕಂಡಿತ್ತು, ದಾರ ಮಾತ್ರ ಹೋಗಿರಲಿಲ್ಲ. ಅಂಗಿಯ ಕಾಲರಿನ ಅಡಿ ಸದಾ ಚುಚ್ಚಿಕೊಂಡಿರುತ್ತಿದ್ದ ಹೆಂಡತಿಯ ಸೂಜಿಯನ್ನು ತೆಗೆದು, ಕಣ್ಣು ಮುಚ್ಚಿ, ಬೆರಳ ತುದಿಯಿಂದಲೇ ಒಂದೊಂದು ತೂತಿಗೂ ಇಳಿಸುತ್ತಾ ಬಂದ. ಹನ್ನೊಂದನೆಯದರಲ್ಲಿ ಸೂಜಿ ತಡವರಿಸಿ ಸಿಕ್ಕಿಕೊಂಡಿತು. ಕೊರೆದಾಗ ಒಳಗೇ ಉಳಿದ ಉಕ್ಕಿನ ಎಳೆ. ಇಂಧನ ಅದಕ್ಕೆ ತಾಗಿ ಓರೆಯಾಗಿ ಚಿಮ್ಮಿ, ಗಾಳಿಯಲ್ಲಿ ಬೆರೆಯದೆ ಗೋಡೆಗೆ ಅಂಟಿಕೊಂಡು ಹರಿದಿತ್ತು.

ಒಂದಿಷ್ಟು ಒತ್ತಿದ್ದರೆ ಎಳೆ ಉದುರುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಅವನ ಹೆಸರು, ಅವನ ಕುರ್ಚಿ ಉಳಿಯುತ್ತಿದ್ದವು. ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಕಣ್ಣು ಕೊಟ್ಟವನು ಹಿಂದಕ್ಕೆ ಪಡೆಯುವಾಗ ಸುಮ್ಮನೆ ಪಡೆಯುವುದಿಲ್ಲ, ಮೊದಲು ಹೇಳಿ ಕಳಿಸುತ್ತಾನೆ. ಬೆಳಿಗ್ಗೆ ಹೇಳಿ ಕಳಿಸಿದ್ದ. ಇವನೇ ಕೇಳಿಸಿಕೊಂಡಿರಲಿಲ್ಲ.

ಸೂಜಿಯನ್ನು ಸಿಕ್ಕಿಕೊಂಡಂತೆಯೇ ಬಿಟ್ಟು, ಫಲಕವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮೇಜಿನ ಮೇಲಿಟ್ಟ.

"ನಕ್ಷೆ ಬಿಚ್ಚಮ್ಮಾ. ನಿನ್ನ ಗುಂಡಿ ಸರಿಯಾಗೇ ಇದೆ. ತಪ್ಪು ನಂದು."

ಅವಳು ನೋಡಿದಳು. ಸೂಜಿಯ ತುದಿಯನ್ನು ಮುಟ್ಟಿದಳು. ಮೂರು ವರ್ಷ ಮರಳಿ ಸಿಕ್ಕಿದ ಸಂತೋಷ ಮುಖಕ್ಕೆ ಬಂದು, ಅವನನ್ನು ಕಂಡು ಅಲ್ಲೇ ಇಳಿಯಿತು.

"ಯಾವಾಗಿಂದ ಅಣ್ಣ?"

"ಅವಳು ಹೋದಾಗಿಂದ ಇರ್ಬೇಕು. ಅತ್ತಿದ್ದಕ್ಕೆ ಮಂಜು ಅಂದ್ಕೊಂಡಿದ್ದೆ."

ಅವಳು ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದಳು. "ಇದು ನಮ್ಮಿಬ್ಬರಲ್ಲೇ ಇರ್ಲಿ. ಉಕ್ಕಿನದೇ ದೋಷ ಅಂತ ಬರೀತೀನಿ. ಇನ್ಮೇಲೆ ತೂತು ನಾನು ನೋಡ್ತೀನಿ, ನೀವು ಸಹಿ ಮಾತ್ರ ಹಾಕಿ. ನಿವೃತ್ತಿಗೆ ಇನ್ನೆರಡು ವರ್ಷ ತಾನೆ? ಮನೇಲಿ ಸುಮ್ನೆ ಕೂತು ಏನ್ಮಾಡ್ತೀರಿ?"

ಅವನು ಜೇಬಿನಿಂದ ಭೂತಗನ್ನಡಿಯನ್ನು ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಫಲಕದ ಪಕ್ಕದಲ್ಲಿಟ್ಟ.

"ಬೇಡಮ್ಮಾ. ನೋಡದೆ 'ನೋಡಿದೆ' ಅಂತ ಬರೆಯೋಕೆ ಕೈ ಬರಲ್ಲ. ಆ ಸೂಜಿ ಬಿಡಿಸಿದ್ಮೇಲೆ ನನಗೆ ಕೊಡು, ಸಾಕು."