ಪೂಜೆಯ ನೀರು ಕುಡಿದ ಟೊಮೆಟೊ ಸಸಿಗಳು

ಕಾಶಿಯ ಟೊಮೆಟೊ ಮೇಲೆ ನೀಲಗಂಗಮ್ಮನಿಗೆ ಇಪ್ಪತ್ತೆರಡು ವರ್ಷದ ಸಿಟ್ಟು. ಶಿವಾಲ ಘಾಟಿನ ಹತ್ತಿರದ ಕನ್ನಡ ಮಠಕ್ಕೆ ಅಡುಗೆ ಮಾಡಲು ಬಂದ ದಿನದಿಂದಲೂ ಅವಳ ದೂರು ಒಂದೇ: ನೋಡಲು ಕೆಂಪಗೆ, ದುಂಡಗೆ ಇರುತ್ತವೆ, ಹುಳಿ ಮಾತ್ರ ಹೆಸರಿಗೂ ಇಲ್ಲ. ಗೋದೌಲಿಯಾದ ತರಕಾರಿಯವನಿಗೆ ಇದನ್ನು ವಿವರಿಸಿ ವಿವರಿಸಿ ಅವಳ ಹಿಂದಿ ಸುಧಾರಿಸಿತು, ಟೊಮೆಟೊ ಸುಧಾರಿಸಲಿಲ್ಲ.

ಹೋದ ವರ್ಷ ನರಗುಂದದಿಂದ ಅಕ್ಕ ತುಳಸಮ್ಮ ಒಂದು ಚಿಟಿಕೆ ಜವಾರಿ ಟೊಮೆಟೊ ಬೀಜ ಕಳಿಸಿದಳು. ಹಿತ್ತಲಿನಲ್ಲಿ ಮಗ ಕೋಣೆ ಕಟ್ಟಿಸಿದ್ದರಿಂದ ಇನ್ನು ಬೀಜ ಸಿಗುವ ಹಾಗಿಲ್ಲ ಎಂದೂ ಫೋನಿನಲ್ಲಿ ಹೇಳಿದಳು. ಜನವರಿಯ ಮಂಜಿನಲ್ಲಿ ಹೊರಗೆ ಬಿತ್ತಿದರೆ ಮೊಳಕೆ ಬರುವುದಿಲ್ಲ. ತಾರಸಿಯಲ್ಲಿಟ್ಟರೆ ಕೋತಿಗಳು ಬಿಡುವುದಿಲ್ಲ. ಹಾಗಾಗಿ ಚಹಾದಂಗಡಿಯಿಂದ ಹದಿನೆಂಟು ಕುಲ್ಹಡ್ ತಂದು, ಮಣ್ಣಿನ ಆ ಪುಟ್ಟ ಲೋಟಗಳ ತಳಕ್ಕೆ ಮೊಳೆಯಿಂದ ತೂತು ಕೊರೆದು, ಬೀಜ ಊರಿ ಒಲೆಯ ಪಕ್ಕದಲ್ಲಿಟ್ಟಳು. ಮೊಳಕೆ ಒಡೆದ ಮೇಲೆ ಪೂಜೆಯ ಕೋಣೆ ಮುಂದಿನ ಪಡಸಾಲೆಯ ಕಿಟಕಿಗೆ ಸಾಗಿಸಿದಳು. ಇಡೀ ಮಠದಲ್ಲಿ ಬಿಸಿಲು ಒಳಗೆ ಬರುವುದು ಅಲ್ಲೊಂದೇ ಕಡೆ. ಹದಿನೆಂಟೂ ಹುಟ್ಟಿದವು. ಅವಳು ಹಿಗ್ಗಿ ಹೀರೇಕಾಯಿಯಾದಳು.

ಎರಡನೇ ವಾರಕ್ಕೆ ಎಂಟು ಸಸಿಗಳು ಬುಡದಲ್ಲಿ ಕಪ್ಪಾಗಿ ಮಗುಚಿ ಬಿದ್ದವು. ಬೆರಳಿಟ್ಟು ನೋಡಿದರೆ ಮಣ್ಣು ಕೆಸರು. ಅವಳು ಹಾಕುತ್ತಿದ್ದುದು ಎರಡು ದಿನಕ್ಕೊಂದು ಚಮಚ ನೀರು. ಕಳ್ಳನನ್ನು ಹಿಡಿಯಲೇಬೇಕೆಂದು ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಲೇ ಪಡಸಾಲೆಯ ಕಡೆ ಕಣ್ಣಿಟ್ಟಳು.

ಮೊದಲು ಗುಮಾಸ್ತ ಸೋಮಲಿಂಗಯ್ಯ ಪೂಜೆ ಮುಗಿಸಿ ಬಂದ. ಲಿಂಗಕ್ಕೆ ಮಜ್ಜನ ಮಾಡಿಸಿದ ನೀರು ಯಾರ ಕಾಲಿಗೂ ತಾಗಬಾರದು, ಗಿಡದ ಬುಡಕ್ಕೇ ಹೋಗಬೇಕು. ಎಂದಿನ ಬಿಲ್ವದ ಗಿಡ ಅಂಗಳದ ಆ ತುದಿಯಲ್ಲಿದೆ. ಈ ಚಳಿಯಲ್ಲಿ ಕೊರೆಯುವ ಕಲ್ಲಿನ ಮೇಲೆ ಬರಿಗಾಲಲ್ಲಿ ಹೋಗುವವರು ಯಾರು? ಕೈಗೆ ಸಿಕ್ಕಿದ್ದು ಟೊಮೆಟೊ. ಅವನ ಹಿಂದೆ ಕಲಬುರಗಿಯ ಐದು ಜನ ಯಾತ್ರಿಕರು, ಕೊನೆಗೆ ಮಠದ ಹಿರಿಯರಾದ ಅನ್ನದಾನಯ್ಯನವರು. ಅವರಂತೂ ಮಂತ್ರ ಹೇಳುತ್ತ, ಯಾವ ಕುಲ್ಹಡಿಗೂ ಅನ್ಯಾಯವಾಗದಂತೆ ಸಮನಾಗಿ ಸುರಿದರು.

ಯಾತ್ರಿಕರನ್ನು ಗದರುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಅನ್ನದಾನಯ್ಯನವರ ಮುಂದೆ ಇಡೀ ಮಠವೇ ತಲೆ ತಗ್ಗಿಸುತ್ತಿತ್ತು. ಎರಡು ದಿನ ಅವಳಿಗೆ ಬಾಯಿ ಬರಲಿಲ್ಲ. ಆ ಎರಡು ದಿನದಲ್ಲಿ ಇನ್ನೂ ಆರು ಸಸಿ ಹೋದವು. ನಾಲ್ಕೇ ಉಳಿದಾಗ ಸೌಟು ಹಿಡಿದೇ ಅವರೆದುರು ನಿಂತಳು.

"ಅಜ್ಜಾರ, ನೀವು ಹಾಕೋ ನೀರಿಗೇ ಇವು ಸಾಯಾಕ ಹತ್ಯಾವ್ರಿ. ಇನ್ನ ಬ್ಯಾಡ್ರಿ."

ಸೋಮಲಿಂಗಯ್ಯ ಗೋಡೆ ನೋಡತೊಡಗಿದ. ಹಿರಿಯರು ತಂಬಿಗೆ ಎತ್ತಿಕೊಂಡು, ಪಾದ ಮುದುಡುತ್ತ ಅಂಗಳ ದಾಟಿ, ಬಿಲ್ವಕ್ಕೆ ನೀರು ಹಾಕಿ ಬಂದರು. ನೀಲಗಂಗಮ್ಮನಿಗೆ ಆ ದಿನ ಊಟ ಸೇರಲಿಲ್ಲ. ಎಂಬತ್ತರ ಜೀವವನ್ನು ಚಳಿಯಲ್ಲಿ ನಡೆಸಿದೆನಲ್ಲ ಎಂದು ಸಂಕಟಪಟ್ಟಳು; ಸಸಿಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಮರುದಿನ ಅವರು ತಂಬಿಗೆ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದರು.

"ನೀಲವ್ವ, ಇವತ್ತ ಅವಕ್ಕ ನೀರು ಬೇಕೇನು?"

ಅವಳು ಹೋಗಿ ನಾಲ್ಕರ ಮಣ್ಣಿಗೂ ಬೆರಳಿಟ್ಟು ನೋಡಿ, ಬೇಡವೆಂದಳು. ಅವರು ಬಿಲ್ವದತ್ತ ನಡೆದರು. ಅದರ ಮರುದಿನವೂ ಕೇಳಿದರು, ಬೇಡವೆಂದಳು. ನಾಲ್ಕನೆಯ ದಿನ ಮಣ್ಣು ಒಣಗಿತ್ತು. ಒಂದು ಚಮಚ ತಂದು ಅವರ ಕೈಗೆ ಕೊಟ್ಟಳು. ಅನ್ನದಾನಯ್ಯನವರು ಕಿಟಕಿಯ ಪಕ್ಕ ಕೂತು, ಒಂದೊಂದು ಸಸಿಗೂ ಒಂದೊಂದು ಚಮಚ ಹಾಕಿ, ಪ್ರತಿ ಸಲವೂ ಸಾಕೇ ಎಂಬಂತೆ ಅವಳ ಮುಖ ನೋಡಿದರು.