ಬೆಲ್ಲದ ಮಂಡಿಯಿಂದ ಬಂದ ತಟ್ಟೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಮ್ಮ ಶಾಲೆಯ ಸಮಿತಿಗೆ ನಿಂತಾಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ, ಅದು ಖಂಡಿತ. ಶ್ರಾವಣವೋ ಭಾದ್ರಪದವೋ ಎಂದರೆ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸ ನನಗೆ ಅಂಟಿದ್ದು ಕಾಲೇಜು ಸೇರಿದ ಮೇಲೆ. ಅದಕ್ಕೆ ಹಿಂದಿನದರಲ್ಲಿ ನಾನು ಕಂಡದ್ದು ಯಾವುದು, ಆಮೇಲೆ ಕೇಳಿ ಕಂಡೆ ಎಂದುಕೊಂಡದ್ದು ಯಾವುದು, ಬೇರ್ಪಡಿಸಲಾರೆ. ತಟ್ಟೆಯ ಮೇಲೆ ಹೊದಿಸಿದ್ದ ಬಟ್ಟೆ ಹಸಿರು ಎಂದು ನನ್ನ ನೆನಪು. ಅಕ್ಕ ಒಮ್ಮೆ ಕೆಂಪು ಎಂದಳು. ಅವಳ ಮಾತನ್ನೇ ನಂಬಬೇಕು. ತಟ್ಟೆಯನ್ನು ಕೈಯಲ್ಲಿ ಹಿಡಿದವಳು ಅವಳು.

ಆಗ ನಾವು ದೇವರಾಜ ಮೊಹಲ್ಲಾದಲ್ಲಿದ್ದೆವು. ಮನೆಯಲ್ಲಿ ಅಪ್ಪ, ಅಮ್ಮ, ಮಿಡ್ಲ್ ಸ್ಕೂಲ್ ಮುಗಿಸಿ ಮನೆಯಲ್ಲಿದ್ದ ಅಕ್ಕ, ನಾನು. ಜೊತೆಗೆ ಅಪ್ಪನ ಅಕ್ಕ, ನಮ್ಮ ಸೋದರತ್ತೆ. ಗಂಡ ಸತ್ತ ಮೇಲೆ ಇಲವಾಲದ ಕಡೆಯಿಂದ ಬಂದು ತಮ್ಮನ ಮನೆಯಲ್ಲೇ ಉಳಿದವರು. ಅಪ್ಪ ಗುಮಾಸ್ತರು, ಜೋರಾಗಿ ಮಾತಾಡಿದವರೇ ಅಲ್ಲ.

ಮೊಹಲ್ಲಾದ ಶಾಲೆ ಒಂದು ಸಂಘದ್ದು. ಅದರ ಸಮಿತಿಯಲ್ಲಿ ಮಕ್ಕಳ ತಂದೆತಾಯಿಗಳ ಪರವಾಗಿ ಒಂದು ಸ್ಥಾನವಿತ್ತು. ಬಹಳ ವರ್ಷಗಳಿಂದ ಅಲ್ಲಿ ಕೂತಿದ್ದವರು ಬೆಲ್ಲದ ಮಂಡಿಯ ಸಾಹುಕಾರರು, ನಮ್ಮ ಜನವೇ. ಆ ವರ್ಷ ಅವರು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲ್ ತರಗತಿಗಳನ್ನು ಮುಚ್ಚಿಸಲು ಹೊರಟಿದ್ದರು. ಮಳೆಗಾಲದಲ್ಲಿ ಬೆಲ್ಲ ಪೇರಿಸಲು ಆ ಎರಡು ಕೋಣೆಗಳ ಮೇಲೆ ಅವರಿಗೆ ಕಣ್ಣು ಎಂದು ಅಮ್ಮ ಹೇಳುತ್ತಿದ್ದಳು. ಮುಚ್ಚಿದರೆ ನನ್ನ ಓದು ನಾಲ್ಕನೆಯ ತರಗತಿಗೇ ಮುಗಿಯುತ್ತಿತ್ತು. ದೂರದ ಶಾಲೆಗೆ ಹೆಣ್ಣು ಮಗುವನ್ನು ಕಳಿಸುವುದಿಲ್ಲ ಎಂದು ಅಪ್ಪ ಆಗಲೇ ಹೇಳಿಯಾಗಿತ್ತು. ಅದಕ್ಕೇ ಅಮ್ಮ ನಿಂತಳು.

ಮಧ್ಯಾಹ್ನ ಊಟವಾದ ಮೇಲೆ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗುತ್ತಿದ್ದಳು.

"ಗೌರಿ ಹಬ್ಬಕ್ಕೆ ಕರಿಯೋಕೆ ಹೊಂಟಂಗೆ ಹೊಂಟವ್ಳೆ ನೋಡು, ನಮ್ಮ ಮೆಂಬರ್ರು," ಎಂದು ಅತ್ತೆ ಬಾಗಿಲಲ್ಲೇ ಕೂತು ಹಂಗಿಸುತ್ತಿದ್ದರು.

"ಬರಿಗೈಲಿ ಹೋದ್ರೆ ಕುಡಿಯೋಕೆ ನೀರೂ ಕೊಡಲ್ಲ ಕಣತ್ತಿಗೆ. ಓಟು ಕೊಡ್ತಾರಾ?"

"ಕೊಡ್ತಾರೆ ಕೊಡ್ತಾರೆ. ನನ್ ತಮ್ಮನ್ ಮಾನಾನೂ ಸೇರಿಸ್ಕೊಡ್ತಾರೆ."

ಅಮ್ಮ ನಗುತ್ತಲೇ ಮೆಟ್ಟಿಲಿಳಿಯುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ಸಾಹುಕಾರರು ತಾವು ಯಾರ ಮನೆಗೂ ಹೋಗಲಿಲ್ಲ. ಮಂಡಿಯ ಆಳುಗಳು ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳಿಗೆಲ್ಲ ಬೆಲ್ಲ ಹಂಚಿದರು. ನಮ್ಮ ಮನೆಗೂ ಬಂತು. ಅಮ್ಮ ಅದನ್ನು ಮುಟ್ಟದೆ ಜಗುಲಿಯ ಮೇಲೆಯೇ ಬಿಟ್ಟಳು. ಬೆಳಗಾಗುವುದರೊಳಗೆ ಮೋರಿಯಿಂದ ಹೊಸಿಲಿನವರೆಗೆ ಇರುವೆಯ ಕಪ್ಪು ಸಾಲು. "ಲಕ್ಷ್ಮಿ ಕಣೆ, ಬೀದೀಲಿ ಬುಡ್ತಾರಾ?" ಎಂದು ಅತ್ತೆ ಒದರಿ ಒಳಗೆ ತಂದರು. ಮತ್ತೆ ಬಂದಾಗಲೂ ತಂದರು.

ಬಾಗಿಲುಗಳು ಮುಚ್ಚಿಕೊಳ್ಳತೊಡಗಿದ್ದು ಆಮೇಲೆ. ಯಾರೂ ಒರಟಾಗಿ ಮಾತಾಡಲಿಲ್ಲ. ಹಿಂದಿನ ವಾರ ಕೂರಿಸಿ ಕಾಫಿ ಕೊಟ್ಟವರೇ ಮಕ್ಕಳನ್ನು ಹೊರಗೆ ಕಳಿಸಿ "ಅಮ್ಮ ಮನೇಲಿಲ್ಲ" ಅನ್ನಿಸುತ್ತಿದ್ದರು. ಅಮ್ಮನ ಜೊತೆ ಹೋಗಿದ್ದ ದಿನ, ಒಳಗೆ ಬಳೆ ಸದ್ದು ನನಗೆ ಕೇಳಿಸಿತು. ಅಮ್ಮ ಬಾಗಿಲ ಪಕ್ಕದ ಗೋಡೆಗೆ ಒಂದು ಬೊಟ್ಟು ಕುಂಕುಮ ಇಟ್ಟು ಬಂದುಬಿಟ್ಟಳು.

ಒಂದು ದಿನ ಊಟದ ಹೊತ್ತಿನಲ್ಲಿ ಅಪ್ಪ ತಲೆಯೆತ್ತದೆ ಹೇಳಿದರು: "ಮಂಡಿ ಸಾಹುಕಾರ್ರು ಮಾರ್ಕೆಟ್ನಲ್ಲಿ ಸಿಕ್ಕಿದ್ರು. ದೊಡ್ಡೋಳಿಗೆ ವಯಸ್ಸೆಷ್ಟು ಅಂತ ಕೇಳಿದ್ರು."

ಸಾರು ಬಡಿಸುತ್ತಿದ್ದ ಅಮ್ಮ ಸೌಟನ್ನು ಪಾತ್ರೆಗೆ ಇಳಿಸಿದಳು. "ಯಾಕಂತೆ?"

"ಯಾಕೂ ಇಲ್ಲ. ಸುಮ್ನೆ ಕೇಳಿದ್ರು."

ಸುಮ್ಮನೆ ಕೇಳುವ ಪ್ರಶ್ನೆಯಲ್ಲ ಅದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಾಹುಕಾರರಿಗೆ ಇಬ್ಬರು ಗಂಡುಮಕ್ಕಳು. ಎರಡನೆಯವನಿಗೆ ಕೂಡಿಬಂದ ಸಂಬಂಧ ಮುರಿದುಹೋಗಿತ್ತು. ಅವನು ಮಂಡಿಯಲ್ಲಿ ಕೂರುತ್ತಿರಲಿಲ್ಲ, ಮಂಡಿಯ ಮೇಲಿನ ಮನೆಯಲ್ಲೇ ಇರುತ್ತಿದ್ದ. 'ಮಾತಿಗಿಂತ ಅವನ ಕೈ ಮುಂದು' ಎಂದು ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು. ಆಗಲೇ ಇದನ್ನು ಕೇಳಿದ್ದೆನೋ, ಆಮೇಲೆ ತಿಳಿದದ್ದನ್ನು ಆಗಿನ ಕಿವಿಗೆ ತುಂಬುತ್ತಿದ್ದೇನೋ ಗೊತ್ತಿಲ್ಲ. ಅಕ್ಕ ಮಾತ್ರ ಅವತ್ತು ಮಜ್ಜಿಗೆಗೆ ಕಾಯದೆ ಎದ್ದುಹೋದಳು.

ತಟ್ಟೆ ಬಂದದ್ದು ಅಮ್ಮ ಓಟು ಕೇಳಲು ಹೋಗಿದ್ದ ಒಂದು ಮಧ್ಯಾಹ್ನ. ಅಪ್ಪ ಆಫೀಸಿನಲ್ಲಿದ್ದರು. ಸಾಹುಕಾರರ ಹೆಂಡತಿ, ಅವರ ಹಿಂದೆ ಪೇಟ ಸುತ್ತಿದ ಇಬ್ಬರು ಹಿರಿಯರು. ಆಕೆ ಎಲೆ, ಅಡಿಕೆ, ತೆಂಗಿನಕಾಯಿ, ಅರಿಸಿನ ಕುಂಕುಮ ಇದ್ದ ತಟ್ಟೆಗೆ ಕುಪ್ಪಸದ ಬಟ್ಟೆ ಹೊದಿಸಿ ತಂದಿದ್ದರು.

ನಮ್ಮ ಮನೆತನಗಳಲ್ಲಿ ಒಂದು ಪದ್ಧತಿ. ವೀಳ್ಯದ ಜೊತೆ ಕಲ್ಲುಸಕ್ಕರೆ ಇಟ್ಟರೆ ಅದು ಬರೀ ಮರ್ಯಾದೆ. ಬೆಲ್ಲದ ಅಚ್ಚು ಇಟ್ಟರೆ ಹೆಣ್ಣು ಕೇಳಿದಂತೆ. ಹಿರಿಯರ ಎದುರಿಗೆ ತೆಗೆದುಕೊಂಡರೆ ಕೊಟ್ಟಂತೆ. ಇದು ಚಿಕ್ಕ ಮಕ್ಕಳಿಗೂ ಗೊತ್ತಿದ್ದ ವಿಷಯ. ಆದರೆ ಆ ತಿಂಗಳೆಲ್ಲ ಮಂಡಿಯಿಂದ ಬಂದದ್ದು ಬೆಲ್ಲವೇ. ಮನೆಯ ಮೂಲೆ ಮೂಲೆಯಲ್ಲೂ ಅದರ ವಾಸನೆ. ಇನ್ನೊಂದು ಅಚ್ಚು ಬಂದರೆ ಯಾರಿಗೆ ಏನನ್ನಿಸಬೇಕು?

ಕುಂಕುಮದ ತಟ್ಟೆಯನ್ನು ಅತ್ತೆ ಮುಟ್ಟುವಂತಿರಲಿಲ್ಲ. ವಿಧವೆ. ಅವರು ಒಳಗೆ ತಿರುಗಿ ಅಕ್ಕನನ್ನು ಕರೆದರು: "ತಲೆ ಬಾಚ್ಕಂಡು ಬಾ ಕಣವ್ವ. ತಟ್ಟೆ ಈಸ್ಕೋ."

ತಲೆ ಬಾಚಿಕೊಂಡು ಬಾ ಎಂದರೇ? ನನಗೆ ಹಾಗೆ ನೆನಪು. ಈ ಒಂದು ಮಾತನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ, ಈಗ ಅದು ಅತ್ತೆಯ ದನಿಯಲ್ಲಿದೆಯೋ ನನ್ನ ದನಿಯಲ್ಲಿದೆಯೋ ತಿಳಿಯದು. ಅಕ್ಕ ಬಂದು ಸೆರಗೊಡ್ಡಿ ತಟ್ಟೆ ತೆಗೆದುಕೊಂಡಳು. ಸಾಹುಕಾರರ ಹೆಂಡತಿ ಅವಳ ಜಡೆಗೆ ಮಲ್ಲಿಗೆ ಮುಡಿಸಿದರು. "ಆಯ್ತು, ಒಳ್ಳೇದಾಗ್ಲಿ," ಎಂದು ಹಿರಿಯರು ಎದ್ದರು. ಕಾಫಿಗೂ ಕೂರಲಿಲ್ಲ.

ಅಮ್ಮ ಬಂದಾಗ ತಟ್ಟೆ ದೇವರ ಗೂಡಿನ ಮುಂದಿತ್ತು. ಬಟ್ಟೆ ಸರಿಸಿದಳು. ಎಲೆಯ ಮೇಲೆ ಬೆಲ್ಲದ ಅಚ್ಚು.

"ಯಾರು ತಗೊಂಡಿದ್ದು?"

ಅಮ್ಮ ಅಕ್ಕನ ಜಡೆಯ ಹೂವನ್ನು ನೋಡಿ ಬಟ್ಟೆಯನ್ನು ಮತ್ತೆ ತಟ್ಟೆಗೆ ಹೊದಿಸಿದಳು.

"ಓಟಿನ್ ಬೆಲ್ಲ ಅಂದ್ಕಂಡೆ ಕಣವ್ವ," ಎಂದರು ಅತ್ತೆ. "ನಂಗೇನ್ ಗೊತ್ತು?"

"ಇಬ್ಬರು ಯಜಮಾನರು ಜೊತೇಲಿ ಬಂದಿದ್ರಂತಲ್ಲ ಅತ್ತಿಗೆ, ಓಟು ಕೇಳೋಕಾ?"

ಸಂಜೆ ಅಪ್ಪ ಬಂದಾಗ, ತಟ್ಟೆಯನ್ನು ಈಗಲೇ ತಿರುಗಿ ಕೊಟ್ಟು ಬನ್ನಿ ಎಂದು ಅಮ್ಮ ಹಟ ಹಿಡಿದಳು.

"ಈಸ್ಕೊಂಡ ವೀಳ್ಯ ವಾಪಸ್ ಕೊಟ್ರೆ ಈ ಹುಡುಗೀನ ಇನ್ಯಾರು ಕೇಳ್ತಾರೆ?" ಎಂದರು ಅಪ್ಪ.

"ಕೇಳದಿದ್ರೆ ಬೇಡ, ಬುಡಿ. ಮನೇಲಿರ್ಲಿ."

ಅಪ್ಪ ಅಂಗಿ ಕಳಚಿ ಮೊಳೆಗೆ ಹಾಕಿದರು.

ಮರುದಿನ ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು: "ಬೀಗರ ಮೇಲೆ ಯಾರಾದ್ರೂ ಎಲೆಕ್ಷನ್ ನಿಲ್ತಾರೇನ್ರೀ?" ಅಮ್ಮ ಹೆಸರು ವಾಪಸ್ ತೆಗೆದುಕೊಂಡಳು.

ಮದುವೆ ಮಾತಿಗೆ ಸಾಹುಕಾರರೇ ಮನೆಗೆ ಬಂದರು. ನನ್ನ ತಲೆ ಸವರಿ, "ನಮ್ ಬೀಗರ ಮಗಳು ಓದ್ಲಿ ಬುಡಿ. ಎರಡು ರೂಮು ಏನ್ ಮಹಾ?" ಎಂದರು. ಆ ಕೈಗೂ ಬೆಲ್ಲದ ವಾಸನೆ. ತರಗತಿಗಳು ಮುಚ್ಚಲಿಲ್ಲ. ನಾನು ಅದೇ ಕೋಣೆಗಳಲ್ಲಿ ಓದಿದೆ, ಹೈಸ್ಕೂಲು ಮುಗಿಸಿದೆ, ವಿಶ್ವವಿದ್ಯಾನಿಲಯದವರೆಗೂ ಹೋದೆ. ಅಕ್ಕ ಮಂಡಿಯ ಮೇಲಿನ ಮನೆಗೆ ಹೋದಳು. ಯುಗಾದಿಗೆ ಬಂದರೂ ಸಂಜೆಯೊಳಗೆ ಹೊರಟುಬಿಡುತ್ತಾಳೆ. ಸುಡುವ ಬಿಸಿಲಿನಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಡುತ್ತಾಳೆ. ಅಮ್ಮ ಒಮ್ಮೆ ಆ ತೋಳನ್ನು ಮೇಲೆ ಸರಿಸಲು ಹೋದಾಗ ಕೈ ಕಿತ್ತುಕೊಂಡಳು.

ಅತ್ತೆಗೆ ಗೊತ್ತಿತ್ತೆಂದರೆ ಅರ್ಥವಾಗುತ್ತದೆ. ಅಮ್ಮ ಬೀದಿ ಸುತ್ತುವುದು ನಿಲ್ಲಲಿ, ತಮ್ಮನ ಮನೆ ಸಾಹುಕಾರರ ಕೆಂಗಣ್ಣಿಗೆ ಗುರಿಯಾಗದಿರಲಿ ಎಂದಿರಬಹುದು. ಅವರ ಅನ್ನವೂ ಅದೇ ಮನೆಯಲ್ಲಿತ್ತು. ಗೊತ್ತಿರಲಿಲ್ಲವೆಂದರೂ ಅರ್ಥವಾಗುತ್ತದೆ. ಗಂಡ ಸತ್ತ ಮೇಲೆ ಅಂಥ ತಟ್ಟೆಯ ಹತ್ತಿರಕ್ಕೆ ಅವರನ್ನು ಯಾರು ಬಿಟ್ಟಿದ್ದರು?

ಹೋದ ಅವರೆಕಾಯಿ ಕಾಲದಲ್ಲಿ ಅತ್ತೆ ಹಿತ್ತಲ ಬಿಸಿಲಿಗೆ ಕೂತು ಕಾಯಿ ಸುಲಿಯುತ್ತಿದ್ದರು. ಕಿವಿ ಚುರುಕಾಗಿಯೇ ಇದೆ. ನಾನು ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡು ಕೇಳಿದೆ. ಅವರ ಬೆರಳು ನಿಂತಿತು, ಮತ್ತೆ ಸುಲಿಯತೊಡಗಿತು. ಕೇಳಿದ್ದು ಇಷ್ಟೇ:

"ಅತ್ತೆ, ಅಕ್ಕನ್ನ ಕರೆಯೋಕೆ ಮುಂಚೆ ನೀವು ತಟ್ಟೆ ಮೇಲಿನ ಬಟ್ಟೆ ಸರಿಸಿ ನೋಡಿದ್ರಾ?"