ಗುಡ್ಡ ಹತ್ತುವ ತಾಲೀಮು

ಎದೆಗೆ ಸ್ಟೆಂಟ್ ಹಾಕಿಸಿಕೊಂಡ ವರ್ಷ, ನಾನು ಗುಡ್ಡ ಹತ್ತುವವನಾಗಬೇಕೆಂದು ತೀರ್ಮಾನಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ನನ್ನ ಕೈಗೆ ತುಂಬಿದ ಕೊಡ ಕೊಡುವವರೇ ಇರಲಿಲ್ಲ. "ದಿನಾ ನಡೀರಿ, ಆರು ತಿಂಗಳಾದ ಮೇಲೆ ನಿಧಾನಕ್ಕೆ ಗುಡ್ಡ ಹತ್ತಿದ್ರೂ ತೊಂದ್ರೆ ಇಲ್ಲ" ಎಂದು ಡಾಕ್ಟರು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಗುಡ್ಡ ಮಾತ್ರ. ಚಂದ್ರಗುತ್ತಿ ಗುಡ್ಡವನ್ನು ತುದಿಯ ಕೋಟೆಯವರೆಗೆ ಹತ್ತಿ ಇಳಿದರೆ ನಾನು ಮೊದಲಿನ ಮನುಷ್ಯ. ಆಗದಿದ್ದರೆ ಉಳಿದ ಆಯುಷ್ಯಕ್ಕೆ ಜಗಲಿಯ ಕುರ್ಚಿಯೇ ಗತಿ. ಆ ಕುರ್ಚಿಗೆ ನಾನು ನಿಜವಾಗಿ ಹೆದರಿದ್ದೆ.

ಮೊದಲು ಸಾಮಾನು. ಮೂರು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿ ಶಿವಮೊಗ್ಗಕ್ಕೆ ಹೋದೆ. ಹಿಮಾಲಯಕ್ಕೋ ಎಂದು ಅಂಗಡಿಯವನು ಕೇಳಿದ. ಸೊರಬ ತಾಲ್ಲೂಕಿಗೆ ಎಂದೆ. ಶೂ ಒಂದು ನಂಬರ್ ದೊಡ್ಡದಿರಲಿ, ಇಳಿಯುವಾಗ ಬೆರಳು ತಾಗಬಾರದು ಎಂದ. ಅವನು ಹೇಳಿದ್ದರಲ್ಲಿ ಉಪಯೋಗಕ್ಕೆ ಬಂದ ಮಾತು ಅದೊಂದೇ. ಜೊತೆಗೆ ಮಡಚುವ ಕೋಲು, ಎದೆಗೂ ಸೊಂಟಕ್ಕೂ ಬೆಲ್ಟಿರುವ ಬ್ಯಾಗು, ಒಂದು ಸೀಟಿ. ಸೀಟಿ ದಾರಿ ತಪ್ಪಿದಾಗ ಊದಲಿಕ್ಕಂತೆ. ನಮ್ಮ ಕಡೆ ದಾರಿ ತಪ್ಪಿದವನನ್ನು ಎದುರು ಬಂದವರೇ ನಿಲ್ಲಿಸಿ, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಆದರೂ ಕೊಂಡೆ.

ತಾಲೀಮಿಗೆ ಬ್ಯಾಗಿನಲ್ಲಿ ಎರಡು ಸೇರು ಮೆಕ್ಕೆಜೋಳ ತುಂಬಿಕೊಂಡು ನಮ್ಮೂರು ತಾಳಗುಂದದಿಂದ ಶಿರಾಳಕೊಪ್ಪದ ರಸ್ತೆ ಹಿಡಿದೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ನಡೆಯುವವನೆಂದರೆ ನಮ್ಮಲ್ಲಿ ಬಸ್ಸು ತಪ್ಪಿಸಿಕೊಂಡವನು. ಅವನನ್ನು ಬಿಟ್ಟು ಮುಂದೆ ಹೋಗುವುದು ಮರ್ಯಾದೆಯಲ್ಲ, ಕರೆದಾಗ ಒಲ್ಲೆ ಅನ್ನುವುದು ಅದಕ್ಕಿಂತ ಕೆಟ್ಟದ್ದು. ಮೊದಲ ದಿನವೇ ಪರಿಚಯದವನೊಬ್ಬ ಬೈಕು ನಿಲ್ಲಿಸಿದ.

"ಹತ್ರೀ ಅಣ್ಣಾರೆ, ಬಿಸಿಲಾಗೆ ಯಾಕ್ ನಡೀತೀರಿ?"

"ವ್ಯಾಯಾಮಕ್ಕಪಾ."

"ಆತು, ಕೂತ್ಕಂಡು ಹೇಳ್ರಿ."

ಮೂರು ತಿಂಗಳು ಹೀಗೇ ನಡೆಯಿತು. ಹಾಲಿನ ವ್ಯಾನು, ಟ್ರ್ಯಾಕ್ಟರು, ಒಮ್ಮೆ ಮದುವೆಯ ಟೆಂಪೋ. ಎಲ್ಲೀತನಕ ಹೋಗಿದ್ದಿರಿ ಎಂದು ಹೆಂಡತಿ ಕೇಳಿದರೆ ಶಿರಾಳಕೊಪ್ಪ ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ.

ಕಡೆಗೊಂದು ಬೆಳಿಗ್ಗೆ ಇಬ್ಬರೂ ಚಂದ್ರಗುತ್ತಿಗೆ ಹೋದೆವು. ಅವಳ ತವರು ಅದೇ ತಾಲ್ಲೂಕಿನ ಕುಪ್ಪಗಡ್ಡೆ, ಚಿಕ್ಕಂದಿನಿಂದ ಹತ್ತಿದ ಗುಡ್ಡ. ಅವಳ ಸಾಮಾನು ಒಂದು ಬಾಟಲಿ ನೀರು, ಒಂದು ಟವೆಲು, ಕಾಲಿಗೆ ಹವಾಯಿ ಚಪ್ಪಲಿ. ದಾರಿಯಲ್ಲಿರುವ ದೇವಿಯ ಗುಡಿಯವರೆಗೆ ಹೇಗೋ ಹತ್ತಿದೆ. ಗುಡಿ ದಾಟಿ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ತೊಡೆ ನಡುಗಿ ಬಂಡೆಯ ಮೇಲೆ ಕುಸಿದು ಕೂತೆ. ನೋವಿರಲಿಲ್ಲ, ಕಾಲಿನಲ್ಲಿ ಕಸುವೇ ಇರಲಿಲ್ಲ. ಅವಳು ಟವೆಲಿನಿಂದ ನನ್ನ ಕತ್ತು ಒರೆಸಿದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆನಿಸಿತು.

"ನಾನು ಒಂದು ದಿನಾನೂ ನೆಟ್ಟಗೆ ನಡೆದಿಲ್ಲ ಕಣೇ. ದಿನಾ ಯಾರಾದ್ರೂ ಹತ್ತಿಸ್ಕಂಡು ಹೋಗ್ತಿದ್ರು."

"ಗೊತ್ತು. ನಾನೇ ಎಲ್ರಿಗೂ ಹೇಳಿಟ್ಟಿದ್ದೆ. ಒಬ್ರೇ ರಸ್ತೇಲಿ ಬಿದ್ರೆ ಏನ್ ಗತಿ? ಕಂಡಲ್ಲಿ ಹತ್ತಿಸ್ಕಳಿ ಅಂದಿದ್ದೆ."

ಭಯಂಕರ ಸಿಟ್ಟು ಬಂತು. ಊರಿನ ಅರ್ಧ ಜನ ಸೇರಿ ನನ್ನನ್ನು ಮೂರು ತಿಂಗಳು ಹೊತ್ತು ತಿರುಗಿದ್ದರು. ಬೈಯಲು ಬಾಯಿ ತೆರೆದು ಅವಳ ಮುಖ ನೋಡಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಿನ ಮುಖ ಅದು. ನನ್ನ ಹೆದರಿಕೆಗಾದರೂ ಶೂ, ಕೋಲು ಎಂದು ಏನೇನೋ ಕೊಂಡಿದ್ದೆ. ಅವಳ ಹೆದರಿಕೆ ಏನೆಂದು ಒಮ್ಮೆಯೂ ಕೇಳಿರಲಿಲ್ಲ.

"ಮತ್ತೆ ಇಲ್ಲಿಗ್ಯಾಕೆ ಬಿಟ್ಟೆ?" ಎಂದೆ.

"ಎಲ್ಲಿ ಬಿಟ್ಟೀನಿ? ಜೊತೆಗೇ ಬಂದೀನಲ್ರೀ."

ಉಸಿರು ಹದಕ್ಕೆ ಬಂದ ಮೇಲೆ, ಇಳಿದುಬಿಡೋಣ ಎಂದು ನಾನೇ ಹೇಳಿದೆ. ಅವಳು ಕೋಟೆಯ ಕಡೆ ನೋಡಿದಳು, ನನ್ನನ್ನು ನೋಡಿದಳು, ಸೀರೆ ಎತ್ತಿ ಕಟ್ಟಿದಳು.

"ಏಳ್ರಿ. ಇಲ್ಲಿ ಯಾರಿಗೂ ಹೇಳಿಟ್ಟಿಲ್ಲ."

ಎದ್ದೆ. ಅವಳು ಮುಂದೆ, ನಾನು ಹಿಂದೆ. ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದಳು. ಅದನ್ನು ಕಂಡೂ ಕಾಣದವನಂತೆ ಹತ್ತಿದೆ.